ಕಂಪೌಂಡರ್ ನಿಜಾಮುದ್ದೀನನ ಕೆಂಪು ಔಷಧ

ಗಜೇಂದ್ರಗಡದ ಧರ್ಮಾರ್ಥ ದವಾಖಾನೆಯ ಕಂಪೌಂಡರ್ ನಿಜಾಮುದ್ದೀನನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬಾಟಲಿ ತೊಳೆಯದೆ ತಂದವರಿಗೆ ಬೈಗುಳ, ತೊಳೆದು ತಂದವರಿಗೆ ನೀರು ಬಸಿದಿಲ್ಲವೆಂದು ಬೈಗುಳ. ಆದರೂ ಜನ ಅವನ ಕಿಟಕಿಯ ಮುಂದೆಯೇ ಸಾಲು ಹಚ್ಚುತ್ತಿದ್ದರು. ಹಚ್ಚದೆ ಏನು ಮಾಡಿಯಾರು? ಡಾಕ್ಟರು ರೋಣದಿಂದ ವಾರಕ್ಕೆ ಎರಡು ದಿನ ಬಂದು ಹೋಗುವವರು. ಉಳಿದ ಐದು ದಿನ ಊರಿನ ಜ್ವರ, ಕೆಮ್ಮು, ಹೊಟ್ಟೆಶೂಲೆಗೆಲ್ಲ ಅವನೇ ಗತಿ.

ಔಷಧ ಕೊಡುವುದರಲ್ಲಿ ಅವನದೊಂದು ಶಿಸ್ತು. ಕಾಗದದ ಪಟ್ಟಿಯನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಬಾಟಲಿಗೆ ಅಂಟಿಸುತ್ತಿದ್ದ. ಒಂದು ಹಲ್ಲಿಗೆ ಒಂದು ಡೋಸು. ಕೊನೆಗೆ ಮೇಲಿನ ಕಪಾಟಿನಿಂದ ಏಲಕ್ಕಿ ಟಿಂಕ್ಚರಿನ ದೊಡ್ಡ ಬಾಟಲಿ ಇಳಿಸಿ ಧಾರಾಳವಾಗಿ ಸುರಿದನೆಂದರೆ ಔಷಧ ಕೆಂಪಗೆ, ಘಮಘಮ. ಅದಿಲ್ಲದಿದ್ದರೆ ಜನ "ಬರೇ ನೀರ ಕೊಟ್ಟ ಕಳಸ್ಯಾನ" ಎಂದು ಗಟಾರಿಗೆ ಚೆಲ್ಲುತ್ತಿದ್ದರು. ಆ ಕಾಲದ ಕಂಪೌಂಡರುಗಳೆಲ್ಲ ಮಾಡುತ್ತಿದ್ದುದೇ ಅದು. ಅವರ ಬಾಯಲ್ಲಿ ಅದರ ಹೆಸರು 'ಬಣ್ಣದ ಬಾಟಲಿ', ಅಷ್ಟೇ.

ನಿಜಾಮುದ್ದೀನ ಈ ಕೆಲಸ ಕಲಿತದ್ದು ಪಲ್ಟಣಿನಲ್ಲಿ. ದೊಡ್ಡ ಯುದ್ಧದಲ್ಲಿ ಬರ್ಮಾದ ಕಾಡಿಗೆ ಹೋದವನು. ಗಾಯಾಳುಗಳನ್ನು ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ಒಂದು ಮಧ್ಯಾಹ್ನ ಬಿದಿರಿನ ಚಪ್ಪರದ ಕೆಳಗೆ ಅವನ ಊರಿನವನನ್ನೇ ತಂದು ಮಲಗಿಸಿದರು, ನೇಕಾರರ ಓಣಿಯ ಹುಚ್ಚಪ್ಪನನ್ನು. ತೊಡೆಯಲ್ಲಿ ಕಬ್ಬಿಣದ ಚೂರು ಹೊಕ್ಕಿತ್ತು. ನೋವು ಮರೆಸುವ ಸೂಜಿ ತೀರಿಹೋಗಿತ್ತು. ನಿಜಾಮುದ್ದೀನ ರಮ್ಮಿನ ಲೋಟವನ್ನು ಅವನ ಬಾಯಿಗೆ ಹಿಡಿದ. ಹುಚ್ಚಪ್ಪನ ಮನೆತನದಲ್ಲೇ ಯಾರೂ ಅದನ್ನು ಮುಟ್ಟಿದವರಲ್ಲ. ಅವನು ಮುಖ ತಿರುಗಿಸಿದ. "ಔಷಧ ಅಂತ ತಿಳದ ಕುಡಿಯೋ" ಎಂದು ನಿಜಾಮುದ್ದೀನ ಗದರಿಸಿ ಕುಡಿಸಿದ. ಚೂರು ಹೊರಬಂತು, ಕಾಲು ಉಳಿಯಿತು.

ಕುಡಿತವೂ ಉಳಿಯಿತು. ಹುಚ್ಚಪ್ಪ ಊರಿಗೆ ಬಂದು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತನಾದರೂ ಬೆಳಿಗ್ಗೆ ಒಂದು ಲೋಟ ಇಳಿಯದೆ ಲಾಳಿ ಹಿಡಿಯಲು ಆಗುತ್ತಿರಲಿಲ್ಲ. ಮುಂಬಯಿ ಸರಕಾರ ದಾರೂಬಂದಿ ಮಾಡಿದಾಗ ಸಾರಾಯಿ ಅಂಗಡಿಗಳು ಮುಚ್ಚಿದವು. ಅವನು ಕಳ್ಳಭಟ್ಟಿ ಹುಡುಕಿಕೊಂಡ. ಹೆಂಡತಿ ವೀರವ್ವ ಅವನು ಯುದ್ಧದಿಂದ ಬಂದಾಗಿನಿಂದ ಎಂಟು ವರ್ಷ ತಡೆದುಕೊಂಡಳು. ಕೊನೆಗೊಂದು ದಿನ ಹೊಳೆಮಣ್ಣೂರಿನ ಅಣ್ಣ ಫಕ್ಕೀರಪ್ಪನ ಮನೆಗೆ ಹೋಗಿ ಅವನ ಹೊಲದಲ್ಲಿ ಕಳೆ ತೆಗೆಯುತ್ತ ಉಳಿದುಬಿಟ್ಟಳು. ಕರೆಯಲು ಹೋದ ಹಿರಿಯರಿಗೆ ಫಕ್ಕೀರಪ್ಪ ಒಂದೇ ಮಾತು ಹೇಳಿದ: "ನನ್ನ ಕಣ್ಣ ಮುಂದ ಕೈ ನಡುಗದಂಗ ಒಂದ ಸೀರಿಗೆ ಕೊಂಡಿ ಹಾಕಿ ತೋರಸ್ಲಿ. ಇಲ್ಲಂದ್ರ ತಂಗೀನ ಕಳಸೂದಿಲ್ಲ, ಇನ್ನೊಮ್ಮೆ ಕೇಳಾಕ ಬರಬ್ಯಾಡ್ರಿ."

ಕೊಂಡಿ ಹಾಕುವುದೆಂದರೆ ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸಿ ಜೋಡಿಸುವುದು. ನೂರಾರು ಎಳೆ. ಕೈ ಕೂದಲೆಳೆಯಷ್ಟು ಅಲ್ಲಾಡಿದರೂ ಕೆಟ್ಟಿತು.

ಇಷ್ಟೆಲ್ಲ ಆಗಿದ್ದಾಗಲೇ, ೧೯೫೩ರಲ್ಲಿ, ಮಾಜಿ ಸಿಪಾಯಿಗಳ ಯೋಗಕ್ಷೇಮದ ಕಚೇರಿಯೊಂದರಿಂದ ನಿಜಾಮುದ್ದೀನನಿಗೆ ಕಾಗದ ಬಂತು. ಪಲ್ಟಣಿನಿಂದ ಬಂದು ಕುಡಿತ, ಅಫೀಮಿಗೆ ಬಿದ್ದವರನ್ನು ನೋಡಿಕೊಳ್ಳುವ ಡಾಕ್ಟರು, ಕಂಪೌಂಡರುಗಳಿಗೆ ಬೆಳಗಾವಿಯಲ್ಲಿ ಆರು ವಾರದ ವಿಶೇಷ ತರಬೇತಿಯಂತೆ. ಅವನು ಕಾಗದವನ್ನು ಇಡೀ ಪೇಟೆಗೆ ತೋರಿಸಿ, ಕರೀ ಕೋಟು ಇಸ್ತ್ರಿ ಮಾಡಿಸಿಕೊಂಡು ಹೊರಟ.

ಕಲಿಸುತ್ತಿದ್ದವರು ನಿವೃತ್ತ ಮೇಜರ್ ಸಾಹೇಬರೊಬ್ಬರು. ಅವರು ಮೊದಲ ದಿನವೇ ಒಬ್ಬ ಡಾಕ್ಟರನ್ನು ಕುಡುಕನಂತೆ ಕೂಡಿಸಿ, ಅವನ ಜೊತೆ ಮಾತಾಡಲು ನಿಜಾಮುದ್ದೀನನಿಗೆ ಹೇಳಿದರು. ನಮ್ಮ ಕಂಪೌಂಡರು ಎರಡು ನಿಮಿಷದಲ್ಲಿ ಆ ಡಾಕ್ಟರಿಗೆ ಯಾವ ಪರಿ ಬೈದನೆಂದರೆ ಪಾಪ ಅವರು ಎದ್ದು ನಿಂತರು. "ಶಾಬಾಶ್! ಇವನು ಇನ್ನು ಕುಡಿಯೋದು ಬಿಡೋದಿಲ್ಲ, ದವಾಖಾನೆಗೆ ಬರೋದು ಬಿಡ್ತಾನೆ" ಎಂದರು ಮೇಜರ್ ಸಾಹೇಬರು. ಇಡೀ ಕೋಣೆ ನಕ್ಕಿತು. ಅವಮಾನವಾದರೂ ಆ ಮಾತು ಅವನ ಮನಸ್ಸಿಗೆ ನಾಟಿತು. ಆರು ವಾರದಲ್ಲಿ ಅವನು ಬಹಳ ಕಲಿತ. ಕುಡಿತ ಬಿಟ್ಟ ಮೊದಲ ಮೂರು ದಿನ ರೋಗಿಯನ್ನು ಒಂಟಿ ಬಿಡಬಾರದು. ಚಾಚಿದ ಬೆರಳುಗಳ ಮೇಲೆ ಕಾಗದ ಇಟ್ಟರೆ ನಡುಕ ತಾನಾಗಿ ಗೊತ್ತಾಗುತ್ತದೆ. "ರೋಗಿಯ ಬಾಯಿಗೆ ಏನೇನು ಹೋಗುತ್ತದೋ ಅಷ್ಟನ್ನೂ ಬರೆಯಿರಿ" ಎಂಬ ಮಾತನ್ನು ವಹಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದ.

ಊರಿಗೆ ಬಂದವನೇ ಹುಚ್ಚಪ್ಪನನ್ನು ಹಿಡಿದ. ಬೈಯಲಿಲ್ಲ! ಓಣಿಯ ಜನಕ್ಕೆ ಅದೇ ಒಂದು ಸೋಜಿಗ. ಕಳ್ಳಭಟ್ಟಿ ಬಿಡಿಸಿದ, ಮೂರು ದಿನ ಪಕ್ಕದಲ್ಲೇ ಕೂತ, ಹೊಟ್ಟೆ ಸುಧಾರಿಸಲೆಂದು ಮಿಕ್ಸ್ಚರ್ ಕೊಟ್ಟ. ಬೆಳಿಗ್ಗೆ ಚಹಾ, ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಚಿಟಿಕೆ ತಂಬಾಕು, ಎಲ್ಲವನ್ನೂ ವಹಿಯಲ್ಲಿ ಬರೆದ. ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಹುಚ್ಚಪ್ಪನ ಬೆರಳ ಮೇಲಿನ ಕಾಗದ ಅಲುಗಾಡದೆ ನಿಂತಿತು. ನಿಜಾಮುದ್ದೀನನಿಗೆ ಹಿಗ್ಗೋ ಹಿಗ್ಗು. ಮುಂದಿನ ಸೋಮವಾರ ತಂಗಿಯನ್ನು ಕರೆದುಕೊಂಡು ಬಾ ಎಂದು ಫಕ್ಕೀರಪ್ಪನಿಗೆ ತಾನೇ ಕಾಗದ ಬರೆದ.

ಅದೇ ದಿನಗಳಲ್ಲಿ ನೇಕಾರರ ಓಣಿಯಿಂದ ಬಾಟಲಿಗಳ ಸಾಲು ಬರತೊಡಗಿತು. ಹುಚ್ಚಪ್ಪನ ತಾಯಿ ಅನ್ನವ್ವನಿಗೆ ಹೊಟ್ಟೆನೋವು, ಆಕೆಯ ಪಕ್ಕದ ಮನೆಯವಳಿಗೆ ಹೊಟ್ಟೆನೋವು, ಎದುರು ಮನೆಯ ಮುದುಕನಿಗೂ ಹೊಟ್ಟೆನೋವು.

"ಇಡೀ ಓಣಿಗೆ ಒಮ್ಮಿಗೇ ಹೊಟ್ಟಿ ಹಿಡಿತೇನ್ರಿ?" ಎಂದು ಹೆಂಡತಿ ಬದರುನ್ನಿಸಾ ನಕ್ಕಳು.

"ನನ್ನ ಕೈಗುಣ ಊರಿಗೆ ಗೊತ್ತಾಗೇತಿ, ನಿನಗ ಗೊತ್ತಾಗಿಲ್ಲ" ಎಂದ ಇವನು.

ಬುಧವಾರ ಬಣ್ಣದ ಬಾಟಲಿ ಬರಿದಾಯಿತು. ಹುಬ್ಬಳ್ಳಿಯಿಂದ ಹೊಸದು ಬರುವುದು ಶನಿವಾರ. ಅಲ್ಲಿಯತನಕ ಬಣ್ಣವಿಲ್ಲದ ಔಷಧ ಕೊಟ್ಟು, ಮೂಗು ಮುರಿದವರಿಗೆಲ್ಲ ಬೈದು ಕಳಿಸಿದ. ಶುಕ್ರವಾರ ಬೆಳಿಗ್ಗೆ ಹುಚ್ಚಪ್ಪ ಬಂದಾಗ ಹಣೆಯಲ್ಲಿ ಬೆವರು ಕಿತ್ತಿತ್ತು. ಬೆರಳ ಮೇಲೆ ಕಾಗದ ಇಟ್ಟರೆ ಪಟಪಟ ಬಡಿದು ನೆಲಕ್ಕೆ ಬಿತ್ತು.

"ಲೇ, ಕುಡದೀ! ಇಷ್ಟ ದಿನಾ ಮಾಡಿದ್ದನ್ನೆಲ್ಲ ನೀರಾಗ ಹಾಕಿದೆಲ್ಲೋ!" ಆರು ವಾರದ ತರಬೇತಿ ಕಿಟಕಿಯಿಂದ ಹೊರಗೆ ಹೋಯಿತು.

"ಕಳ್ಳಭಟ್ಟಿ ಹನಿ ಮುಟ್ಟಿಲ್ಲ, ನಿಜಾಮಣ್ಣಾ. ನನ್ನವ್ವನ ಆಣಿ."

ಅಷ್ಟರಲ್ಲಿ ಆ ಅವ್ವನೇ ಕಿಟಕಿಯ ಹತ್ತಿರ ಬಂದಳು. ಅನ್ನವ್ವನ ಉಡಿಯಲ್ಲಿ ಐದು ಖಾಲಿ ಬಾಟಲಿ. "ತಮ್ಮಾ, ಮೊದಲಿನಂಗ ಕೆಂಪನ್ನ ಔಷಧ ಕೊಡಪಾ. ಈ ಬಿಳೇದು ನನ್ನ ಮಗಗ ಹತ್ತವಲ್ದು."

"ಹೊಟ್ಟಿನೋವು ನಿನಗಲ್ಲೇನಬೇ? ಮಗ ಯಾಕ ಕುಡೀತಾನ?"

ಮುದುಕಿ ನಾಲಿಗೆ ಕಚ್ಚಿಕೊಂಡಳು. ನಿಜಾಮುದ್ದೀನ ಐದೂ ಬಾಟಲಿಗಳನ್ನು ನೋಡಿದ. ಎಲ್ಲದರ ಮೇಲೂ ಅವನೇ ಕತ್ತರಿಸಿದ ಹಲ್ಲಿನ ಪಟ್ಟಿ. ಮೇಲಿನ ಕಪಾಟಿನಿಂದ ಬರಿದಾದ ದೊಡ್ಡ ಬಾಟಲಿ ಇಳಿಸಿ ಮೂಗಿಗೆ ಹಿಡಿದ. ಏಲಕ್ಕಿಯ ವಾಸನೆಯ ಹಿಂದೆ ಸ್ಪಿರಿಟ್ಟಿನ ಘಾಟು ಗಪ್ಪನೆ ಬಡಿಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಪಿರಿಟ್ಟೇ. ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ದಾರೂಬಂದಿಯ ಅಧಿಕಾರಿಗಳು ವರ್ಷಕ್ಕೊಮ್ಮೆ ಬಂದು ಅದೇ ಬಾಟಲಿಯನ್ನು ಅಳೆದು ಅವನ ಸಹಿ ತೆಗೆದುಕೊಂಡು ಹೋಗುತ್ತಿದ್ದರು. ಆದರೆ ಇಷ್ಟು ವರ್ಷ ಬಣ್ಣ ಬಣ್ಣ ಎನ್ನುತ್ತ ಸುರಿದ ಕೈಗೆ ಅದು ಬಣ್ಣವೇ ಆಗಿಬಿಟ್ಟಿತ್ತು. ವಹಿ ತೆಗೆದು ನೋಡಿದ. ಚಹಾ ಇತ್ತು, ರೊಟ್ಟಿ ಇತ್ತು, ತಂಬಾಕಿನ ಚಿಟಿಕೆಯೂ ಇತ್ತು. ತಾನು ಕೊಟ್ಟ ಔಷಧವನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ.

"ನಿನಗ ಗೊತ್ತಿತ್ತೇನೋ ಹುಚ್ಚಪ್ಪಾ?"

"ಮೊದಲನೇ ಗುಟುಕಿಗೇ ಗೊತ್ತಾತು" ಎಂದ ಹುಚ್ಚಪ್ಪ, ಮುಖ ಕೆಳಗೆ ಹಾಕಿ. "ನೀ ತಿಳದ ಕೊಡಾಕತ್ತಿ ಅಂದ್ಕೊಂಡಿದ್ನಿ. ಬರ್ಮಾದಾಗ ಕೊಟ್ಟಂಗ. 'ಔಷಧ ಅಂತ ತಿಳದ ಕುಡಿ' ಅಂದಿದ್ದೆಲ್ಲ ಅವತ್ತು, ಹಂಗ ತಿಳದ ಕುಡದೆ. ಅಷ್ಟ ಸಾಲಲಿಲ್ಲ. ನಿನ್ನ ಕೇಳಾಕ ನಾಚಿಕಿ ಆತು, ಅವ್ವನ ಕೈಲೆ, ಓಣಿಯವರ ಕೈಲೆ ತರಿಸಿದೆ."

ನಿಜಾಮುದ್ದೀನ ಸ್ಟೂಲಿನ ಮೇಲೆ ಕೂತ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಂದು ಕುಡಿಸಿದವನೂ ತಾನೇ, ಇಂದು ಕುಡಿಸಿದವನೂ ತಾನೇ. ನಡುವೆ ಬೆಳಗಾವಿಗೆ ಹೋಗಿ ಸರ್ಟಿಫಿಕೇಟು ಬೇರೆ ತಂದಿದ್ದ.

ಆಗಿಂದಾಗಲೇ ಹುಚ್ಚಪ್ಪನನ್ನು ದವಾಖಾನೆಯ ಹಿಂದಿನ ಕೋಣೆಯಲ್ಲಿ ಮಲಗಿಸಿ, ಡಾಕ್ಟರಿಗೆ ಎಲ್ಲ ಸಂಗತಿ ಬರೆದು ರೋಣಕ್ಕೆ ಚೀಟಿ ಕಳಿಸಿ, ಮತ್ತೆ ಪಕ್ಕದಲ್ಲಿ ಕೂತ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಪಾರ್ಸಲ್ಲು ಬಂತು. ಹುಚ್ಚಪ್ಪ ಎದ್ದು ಕೂತು ಅದನ್ನೇ ನೋಡಿದ.

"ನಿಜಾಮಣ್ಣಾ, ಸೋಮವಾರ ಒಂದ ದಿನ. ಒಂದ ಲೋಟಾ. ಕೊಂಡಿ ಹಾಕೂತನಕ ಈ ಕೈ ನಿಂತ್ರ ಸಾಕು. ಆಕಿ ಬರ್ಲಿ. ಆಮ್ಯಾಲ ನಾ ಸತ್ತರೂ ಕೇಳೂದಿಲ್ಲ." ಅಳುತ್ತಿದ್ದ. "ಆಕಿ ಇಲ್ಲದ ಮನ್ಯಾಗ ಬಿಟ್ರೇನು, ಕುಡದ್ರೇನು?"

ಹೊಳೆಮಣ್ಣೂರಿಗೆ ಕಾಗದ ಬರೆದು ಕರೆಸಿದವನು ತಾನು. ಸೋಮವಾರ ಕೈ ನಡುಗಿತೆಂದರೆ ಫಕ್ಕೀರಪ್ಪ ತಂಗಿಯನ್ನು ಬಂದ ದಾರಿಗೇ ಕರೆದೊಯ್ಯುತ್ತಾನೆ, ಇನ್ನೊಮ್ಮೆ ಈ ಕಡೆ ತಲೆ ಹಾಕುವುದಿಲ್ಲ. ಖರೇ ಹೇಳಬೇಕೆಂದರೆ ನಿಜಾಮುದ್ದೀನ ಪಾರ್ಸಲ್ಲಿನ ಸುತಳಿ ಬಿಚ್ಚಿದ. ಬಾಟಲಿ ಕೈಯಲ್ಲಿ ಹಿಡಿದ.

ಗಂಜಿಯ ಪಾತ್ರೆ ಹಿಡಿದು ಬಂದಿದ್ದ ಬದರುನ್ನಿಸಾ ಬಾಗಿಲಲ್ಲೇ ನಿಂತಳು. "ಈ ಸಲಾನೂ ನೀವ ಕೊಡ್ತೀರೇನ್ರಿ?" ಎಂದಳು, ಮೆಲ್ಲಗೆ.

ಅವನು ಬಾಟಲಿಯನ್ನು ತಿರುಗಿ ಪೆಟ್ಟಿಗೆಯೊಳಗಿಟ್ಟು ಸುತಳಿ ಕಟ್ಟಿದ. ಮನೆಗೆ ಒಯ್ಯಲು ಹೆಂಡತಿಯ ಕೈಗೇ ಕೊಟ್ಟ.

ಸೋಮವಾರ ರೋಣದ ಬಸ್ಸಿನಿಂದ ಇಳಿದು ಫಕ್ಕೀರಪ್ಪ ಮುಂದೆ, ವೀರವ್ವ ಹಿಂದೆ ಬಂದರು. ಅವಳ ಕೈಯಲ್ಲಿ ಒಂದು ಸಣ್ಣ ಗಂಟು. ಹುಚ್ಚಪ್ಪ ಮಗ್ಗದ ಕುಣಿಯಲ್ಲಿ ಕೂತಿದ್ದ, ಮುಖ ಬಿಳಚಿಕೊಂಡು. ಎಳೆ ಎತ್ತಿದ, ಬೆರಳು ಥರಥರ ನಡುಗಿ ಎಳೆ ಜಾರಿತು. ಇನ್ನೊಮ್ಮೆ ಎತ್ತಿದ, ಜಾರಿತು.

"ಸಾಕು" ಎಂದ ಫಕ್ಕೀರಪ್ಪ. "ನಡೀಬೇ ತಂಗಿ."

"ತಪ್ಪು ನಂದೈತ್ರಿ" ಎಂದ ನಿಜಾಮುದ್ದೀನ. ಓಣಿಯೇ ನೆರೆದಿತ್ತು, ಅಷ್ಟು ಜನರೆದುರು, ಊರಿಗೆಲ್ಲ ಬೈಯುವ ಆ ಬಾಯಿಂದಲೇ, ಬರ್ಮಾದ ರಮ್ಮಿನಿಂದ ಹಿಡಿದು ಕೆಂಪು ಔಷಧದತನಕ ಒಂದೂ ಬಿಡದೆ ಹೇಳಿದ. "ಅವ ಬಿಟ್ಟು ಇವತ್ತಿಗೆ ಬರೇ ಐದ ದಿನ ಆಗೇತಿ. ಇಪ್ಪತ್ತ ದಿನದ ಮಾತು ಸುಳ್ಳು. ಆ ಸುಳ್ಳು ನಂದು, ಅವಂದಲ್ಲ."

ಫಕ್ಕೀರಪ್ಪ ಏನೋ ಹೇಳಲು ಬಾಯಿ ತೆರೆದ. ವೀರವ್ವ ಅವನನ್ನು ದಾಟಿ ಮಗ್ಗದ ಹತ್ತಿರ ಹೋದಳು. ಗಂಡನ ಎರಡೂ ಕೈಗಳನ್ನು ಹಿಡಿದು ನೋಡಿದಳು. ಅವಳ ಕೈಯೊಳಗೂ ಅವು ನಡುಗುತ್ತಲೇ ಇದ್ದವು.

"ಯಣ್ಣಾ, ನಿನಗೇನ ಗೊತ್ತು" ಎಂದಳು. "ಎಂಟ ವರ್ಷ ನೋಡೇನಿ. ಈ ಕೈ ನಡುಗದ ನಿಂತ ದಿನಾನ ನಾ ಅಂಜೂದು. ಕುಡದಾಗ ಇವು ಕಲ್ಲಿನಂಗ ನಿಲ್ತಾವು. ಇವತ್ತ ನಿಂತಿದ್ವು ಅಂದ್ರ ನೀ ಹೇಳೂದ ಬ್ಯಾಡ, ನಾನ ತಿರುಗಿ ಬಸ್ ಹತ್ತತಿದ್ನಿ."

ಹುಚ್ಚಪ್ಪ ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟ. ಅವಳು ಗಂಟನ್ನು ಗೋಡೆಗಿಟ್ಟು ಎದುರಿಗೆ ಕೂತಳು. "ನೀವು ಎಳಿ ಹಿಡೀರಿ, ನಾ ಸಿಗಸ್ತೇನಿ" ಎಂದಳು. ಫಕ್ಕೀರಪ್ಪ ಸಂಜೆಯ ಬಸ್ಸಿಗೆ ಒಬ್ಬನೇ ಹೋದ.

ಆ ದಿನದಿಂದ ನಿಜಾಮುದ್ದೀನನ ಔಷಧಕ್ಕೆ ಬಣ್ಣವಿಲ್ಲ. "ನೀರಿನ ಕಂಪೌಂಡರ" ಎಂದು ಊರು ಹೆಸರಿಟ್ಟಿತು. ಹಾಗೆ ಕರೆದವರಿಗೆಲ್ಲ ಅವನು ಮನಸಾರೆ ಬೈದ. ಸುತ್ತಲಿನ ಹಳ್ಳಿಗಳ ಮಾಜಿ ಸಿಪಾಯಿಗಳು ಒಬ್ಬೊಬ್ಬರಾಗಿ ಅವನಲ್ಲಿಗೆ ಬಂದರು. ಅವರಿಗೆ ಮಾತ್ರ ಅವನು ಬೈಯುತ್ತಿರಲಿಲ್ಲ. ಅವರ ವಹಿಯಲ್ಲಿ ಮೊದಲ ಸಾಲಿಗೆ ತಾನು ಕೊಟ್ಟದ್ದನ್ನು ಬರೆದು, ಆಮೇಲೆ ಅವರು ತಿಂದದ್ದನ್ನು ಬರೆಯುತ್ತಿದ್ದ.

ಅಂದು ಕೊಂಡಿ ಹಾಕಿದ ಸೀರೆಯ ಸೆರಗು ಸೊಟ್ಟಗೆ ಕೂತಿತ್ತು. ಪೇಟೆಯಲ್ಲಿ ಯಾರೂ ಕೈಯಿಂದ ಮುಟ್ಟಲಿಲ್ಲ. ವೀರವ್ವ ಅದನ್ನು ತಾನೇ ಉಟ್ಟಳು, ಹರಿಯುವತನಕ ಉಟ್ಟಳು.