ರೇಷ್ಮೆ ಸುತ್ತಿದ ಗಾಳಿಕೋವಿ

ಮೊಳಕಾಲ್ಮೂರಿನ ಚಿತ್ತಯ್ಯನನ್ನು ನಾನು ಮೊದಲ ಬಾರಿಗೆ ಕಂಡ ದಿನ ಅವನು ಚಳ್ಳಕೆರೆಯ ಮುಸಾಫರಖಾನೆಯ ಜಗುಲಿಯ ಮೇಲೆ ಬೋರಲಾಗಿ ಮಲಗಿ, ಹಾಸುಗಲ್ಲುಗಳ ಸಂದಿಯಲ್ಲಿ ಬೆರಳು ತೂರಿಸಿ ಏನನ್ನೋ ಹುಡುಕುತ್ತಿದ್ದನು. ಪಕ್ಕದ ಗೋಣಿಯ ಮೇಲೆ ಒಂದು ಗಾಳಿಕೋವಿ ಹೊಟ್ಟೆ ಬಿಚ್ಚಿಕೊಂಡು ಬಿದ್ದಿತ್ತು. ಹಿಂದಿನ ತಿರುಪನ್ನು ಸಡಿಲಿಸಿದ ಕೂಡಲೇ ಒಳಗಿನ ಉಕ್ಕಿನ ಸುರುಳಿ ಚಿಮ್ಮಿ, ತೊಲೆಗೆ ಬಡಿದು, ತಿರುಪನ್ನು ಎಲ್ಲಿಗೋ ಹಾರಿಸಿಬಿಟ್ಟಿತ್ತು.

"ಸಿಕ್ತೇನಲೇ?" ಎಂದನು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದ ಬೋರಣ್ಣ.

"ಸಿಗ್ತೈತೆ ಇರು. ಅದಕ್ಕೇನು ಕಾಲೈತಾ, ಓಡಿ ಹೋಗಾಕೆ?"

"ಕಾಲಿಲ್ಲ ಕಣಲೇ, ರೆಕ್ಕೆ ಐತೆ. ಹಾರಿದ್ದನ್ನ ನಾನೇ ಕಂಡೆ."

ಬೋರಣ್ಣ ಗೊಲ್ಲರ ಹಟ್ಟಿಯವನು, ಮುಸಾಫರಖಾನೆಯ ಕಾವಲುಗಾರ. ಭೂಮಿಯ ಅಳತೆಗೆಂದು ಬಂದಿದ್ದ ದೊರೆಯೊಬ್ಬನು ಮಳೆಗಾಲಕ್ಕೆ ಬೆಂಗಳೂರಿಗೆ ಹೋಗುವಾಗ ಆ ಕೋವಿಯನ್ನು ಅವನ ವಶಕ್ಕೆ ಕೊಟ್ಟು, ಬಾಗಿಸಿ ಮಾತ್ರ ಇಡಬೇಡವೆಂದು ಹೇಳಿದ್ದನು. ನಳಿಗೆಯನ್ನು ಬಾಗಿಸಿದರೆ ಒಳಗಿನ ಸುರುಳಿ ಮುದುಡಿ ಬಿಗಿದುಕೊಳ್ಳುತ್ತದೆ. ಕೋವಿಯ ಕುದುರೆಯನ್ನು ಬೆರಳಿನಿಂದ ಒತ್ತಿದಾಗ ಅದು ಬಿಚ್ಚಿ, ಕೊಳವೆಯೊಳಗೆ ಹಿಂದೆಮುಂದೆ ಓಡುವ ಕೊಂತವನ್ನು ಮುಂದೆ ತಳ್ಳಿ, ಅದರ ಮುಂದಿನ ಗಾಳಿಯಿಂದ ಸೀಸದ ಗುಂಡನ್ನು ಊದುತ್ತದೆ. ಮದ್ದು ಬೇಡ, ಬೆಂಕಿ ಬೇಡ. ಆದರೆ ಬೋರಣ್ಣ ಕಾಗೆ ಬಂದಾಗ ಕೈಗೆ ಸಿಗಲೆಂದು ಮಳೆಗಾಲವೆಲ್ಲ ಅದನ್ನು ಬಾಗಿಸಿಯೇ ಇಟ್ಟಿದ್ದನು. ಸುರುಳಿ ಸೋತಿತು. ಕೊಂತದ ತಲೆಗೆ ತೊಡಿಸಿದ್ದ ಚರ್ಮದ ಬಿಲ್ಲೆ ಒಣಗಿ ಪುಡಿಯಾಯಿತು. ಈಗ ಕುದುರೆ ಒತ್ತಿದರೆ ಗುಂಡು ನಳಿಗೆಯ ಬಾಯಿಂದ ಜಾರಿ ಕಾಲಬುಡದಲ್ಲೇ ಬೀಳುತ್ತಿತ್ತು.

"ದೊರೆ ಬಂದು ಹೊಡೆದಾಗ ಇದು ಹಿಂಗೇ ಉಗುಳಿದ್ರೆ ನನ್ನ ಕೆಲಸ ಹೋತು," ಎಂದನು ಬೋರಣ್ಣ. "ಮತ್ತೆ ಹಟ್ಟಿಗೋಗಿ ಅಣ್ಣನ ಕುರಿ ಕಾಯಬೇಕು. ಅವನ ಬಾಯಿ ನಿನಗೆ ಗೊತ್ತಿಲ್ಲ."

ಚಿತ್ತಯ್ಯ ನೇಯ್ಗೆಯವನು. ಅಂಗಡಿಗೆ ಸೀರೆಗಳನ್ನು ಒಪ್ಪಿಸಲು ಬಂದವನು ಗಾಡಿ ಹೊರಡುವ ತನಕ ಸುಮ್ಮನೆ ಕೂರಲಾರದೆ ಈ ಕೆಲಸಕ್ಕೆ ಕೈ ಹಾಕಿದ್ದನು. ಸುಮ್ಮನೆ ಕೂರುವುದು ಅವನ ಜಾತಕದಲ್ಲಿಯೇ ಇರಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ನಾಲ್ಕು ಎಳೆ ಹಾಕಿದನೋ ಇಲ್ಲವೋ, ಬೀದಿಯಲ್ಲಿ ಯಾರದೋ ಗಾಡಿಯ ಗಾಲಿ ಕಿರುಗುಟ್ಟಿದರೆ ಎದ್ದು ಹೋಗುತ್ತಿದ್ದನು. ತಿರುಪು ಸಿಕ್ಕಿದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. ಕೋವಿಯನ್ನು ಗೋಣಿಯಲ್ಲಿ ಸುತ್ತಿ ಊರಿಗೇ ಹೊತ್ತುಕೊಂಡು ಹೋದನು.

ತುಕ್ಕು ಬಿಡಿಸುವುದು ಕಷ್ಟವಾಗಲಿಲ್ಲ. ಹುಣಿಸೆಹಣ್ಣು, ಇಟ್ಟಿಗೆಯ ಪುಡಿ, ಮೂರು ದಿನದ ತಿಕ್ಕಾಟ ಸಾಕಾಯಿತು. ಸೋತ ಸುರುಳಿಯ ಹಿಂದೆ ಒಂದು ಹಿತ್ತಾಳೆಯ ಬಿಲ್ಲೆಯನ್ನು ಕೂರಿಸಿದನು. ಸುರುಳಿ ಮತ್ತೆ ಬಿಗಿಯಾಯಿತು. ತೊಡಕಾದದ್ದು ಚರ್ಮ. ಚೌಡಮ್ಮ ದೇವಿಯ ಒಕ್ಕಲಾದ ಆ ಮನೆಯಲ್ಲಿ ಮಗ್ಗವಿರುವ ಕೋಣೆಗೆ ಚರ್ಮ ಬರುವಂತಿರಲಿಲ್ಲ, ಮಗ್ಗಕ್ಕಿಳಿಯುವ ಕೈ ಅದನ್ನು ಮುಟ್ಟುವಂತಿರಲಿಲ್ಲ. ಚರ್ಮವನ್ನು ತಾನೇ ಕೊಯ್ದು ಕೊಡುತ್ತೇನೆಂದು ಬೋರಣ್ಣ ಮೊದಲೇ ಹೇಳಿದ್ದನು.

"ನೀನು ಕೊಯ್ದರೂ ಕೂರಿಸೋನು ನಾನೇ ಅಲ್ವೇನಯ್ಯ?" ಎಂದು ಚಿತ್ತಯ್ಯ ಆಗಲೇ ತಲೆಯಾಡಿಸಿದ್ದನು.

ಕಡೆಗೆ ಅವನ ಕಣ್ಣು ಹೆಂಡತಿಯ ಕೈಯ ಮೇಲೆ ಬಿತ್ತು. ಈಶ್ವರಮ್ಮ ರಾಟೆಯ ಮುಂದೆ ಕುಳಿತು ಲಾಳಿಯೊಳಗೆ ಕೂರುವ ಕಂಡಿಕೆಗೆ ರೇಷ್ಮೆ ಸುತ್ತುತ್ತಿದ್ದಳು. ಎಳೆಯ ಮೇಲೆ ಎಳೆ ಕೂತು ಕಂಡಿಕೆ ಕಲ್ಲಿನಂತೆ ಬಿಗಿಯಾಗುತ್ತಿತ್ತು. ಚಿತ್ತಯ್ಯ ಎದ್ದು ಹೋಗಿ ಕಸದ ರೇಷ್ಮೆಯನ್ನು ಹುರಿಮಾಡಿ, ಕೊಂತದ ತಲೆಗೆ ಅದೇ ಬಗೆಯಲ್ಲಿ ಸುತ್ತಿದನು. ಗಾಳಿ ಸೋರದಿರಲೆಂದು ಹರಳೆಣ್ಣೆಯಲ್ಲಿ ಇಡೀ ದಿನ ನೆನೆಸಿದನು. ಜೋಡಿಸಿದನು. ಹಿತ್ತಲಿನ ಕಡೆಗೆ ಹಿಡಿದು ಕುದುರೆ ಒತ್ತಿದನು.

ಢಮ್ಮೆಂದಿತು! ನಳಿಗೆಯ ಬಾಯಿಂದ ನೀಲಿ ಹೊಗೆ ಬಂದಿತು. ಈಶ್ವರಮ್ಮನ ಕೈಯಲ್ಲಿ ಎಳೆ ಕಿತ್ತುಹೋಯಿತು.

"ಏಮಯ್ಯಾ ಇದಿ!" ಎಂದು ಗಾಬರಿಯಲ್ಲಿ ಮನೆಮಾತಿನ ತೆಲುಗಿನಲ್ಲೇ ಕೂಗಿದಳು. "ಮದ್ದು ಹಾಕಿದೀಯಾ?"

"ಮದ್ದೆಲ್ಲಿಂದ ತರಲೇ? ಮನೇಲಿ ಸಾಸಿವೇನೂ ಇಲ್ಲ."

"ಹೊಗೆ ಬಂತಲ್ಲ?"

"ಬಂತು," ಎಂದನು ಚಿತ್ತಯ್ಯ. ಅದೇ ಅವನನ್ನು ಹಿಡಿದುಕೊಂಡಿತು. ಬೆಂಕಿಯಿಲ್ಲದೆ ಹೊಗೆ ಬಂದದ್ದು ಹೇಗೆ? ದೊರೆಯ ಕೈಯಲ್ಲೂ ಕೋವಿ ಹೀಗೆಯೇ ಸಿಡಿದರೆ, ಕಾವಲಿನವನು ಮದ್ದು ತುರುಕಿ ಕೋವಿ ಕೆಡಿಸಿದನೆಂದು ಬೋರಣ್ಣನನ್ನು ಅಂದೇ ಅಟ್ಟುತ್ತಾರೆ. ಮಗ್ಗಕ್ಕಿಳಿದನು, ಎದ್ದನು. ಊಟಕ್ಕೆ ಕುಳಿತವನು ತುತ್ತನ್ನು ಕೈಯಲ್ಲಿ ಹಿಡಿದೇ ಹಿತ್ತಲಿಗೆ ಹೋಗಿ ನಳಿಗೆಯನ್ನು ಮೂಸಿ ಬಂದನು. ಸುಟ್ಟ ಹರಳೆಣ್ಣೆಯ ವಾಸನೆ! ಹಾಗಾದರೆ ಉರಿದದ್ದು ಎಣ್ಣೆ. ರೇಷ್ಮೆಯ ಹುರಿಯನ್ನು ಬಿಚ್ಚಿ, ಬಣ್ಣದಲ್ಲದ್ದಿದ ನೂಲಿನ ಲಡಿಯನ್ನು ಗೂಟಕ್ಕೆ ಸಿಕ್ಕಿಸಿ ಕೋಲಿನಿಂದ ತಿರುಚುವಂತೆ ತಿರುಚಿ ತಿರುಚಿ ಹಿಂಡಿದನು. ಮತ್ತೆ ಸುತ್ತಿ ಹೊಡೆದನು. ಈ ಸಲ ಸದ್ದು ಠಪ್ಪೆಂದಷ್ಟೆ. ಗುಂಡು ಹಿತ್ತಲಿನ ಬೂದುಗುಂಬಳದೊಳಗೆ ಹೊಕ್ಕಿತು.

"ಇನ್ನಾದರೂ ಕುಂತ್ಕೊ," ಎಂದಳು ಈಶ್ವರಮ್ಮ. "ಆ ಕುಂಬಳಕಾಯಿ ನಿನಗೇನು ಮಾಡಿತ್ತು?"

ಕೋವಿಯನ್ನು ಚಳ್ಳಕೆರೆಗೆ ಒಯ್ದು ಒಪ್ಪಿಸುವಾಗ ಚಿತ್ತಯ್ಯ ಒಂದೇ ಮಾತನ್ನು ಬಾರಿಬಾರಿಗೂ ಹೇಳಿದನು: "ಎಣ್ಣೆ ಮುಟ್ಟಿಸಬೇಡ ಮಾರಾಯ." ಬೋರಣ್ಣ ಹೂಂ ಎಂದನು. ಆದರೂ ಊರಿಗೆ ಬಂದ ಮೇಲೆ ಚಿತ್ತಯ್ಯನಿಗೆ ಒಂದು ಗಳಿಗೆ ನೆಮ್ಮದಿಯಿರಲಿಲ್ಲ. ಎಣ್ಣೆ ಉರಿಯಿತು, ಸರಿ; ಹೊತ್ತಿಸಿದವರು ಯಾರು? ಅದು ತಿಳಿಯದೆ, ಮತ್ತೆ ಸಿಡಿಯುವುದಿಲ್ಲವೆಂದು ನಂಬುವುದು ಹೇಗೆ? ಸೀರೆಯ ಅಂಚಿನಲ್ಲಿ ಎಳೆ ತಪ್ಪಿತು. ಬಿಚ್ಚಿದನು. ಮತ್ತೆ ತಪ್ಪಿತು.

ದೊರೆಯ ಡೇರೆ ಚಳ್ಳಕೆರೆ ಹತ್ತಿರದ ತಳಕಿಗೆ ಬಂತೆಂದು ಗಾಡಿಯವರು ಸುದ್ದಿ ತಂದ ದಿನ ಸೀರೆ ಅರ್ಧವಾಗಿತ್ತು. ಚಿತ್ತಯ್ಯ ಲಾಳಿಯನ್ನು ಮಗ್ಗದ ಹಾಸಿನ ಮೇಲೆಯೇ ಬಿಟ್ಟು ಎದ್ದನು.

"ಎಲ್ಲಿಗೆ?" ಎಂದಳು ಈಶ್ವರಮ್ಮ.

"ನೋಡಿ ಬರ್ತೀನಿ."

"ಹೋಗು. ಇಲ್ಲಿದ್ದರೂ ನೀನು ಇಲ್ಲಿರಾಕಿಲ್ಲ."

ಅವನು ಚಳ್ಳಕೆರೆಯನ್ನು ಮುಟ್ಟುವಷ್ಟರಲ್ಲಿ ದೊರೆ ಮುಸಾಫರಖಾನೆಗೆ ಬಂದಾಗಿತ್ತು. ಅಂಗಳದ ಬೇವಿನ ಕೊಂಬೆಗೆ ಗುರಿಗೆಂದು ಒಂದು ಸೋರೆಬುರುಡೆಯನ್ನು ಕಟ್ಟಿದ್ದರು. ದೊರೆಯ ಹಿಂದೆ ಗುಮಾಸ್ತ, ಅವನ ಹಿಂದೆ ಹೊಸ ರುಮಾಲು ಸುತ್ತಿದ ಬೋರಣ್ಣ. ಚಿತ್ತಯ್ಯ ಮೆಲ್ಲಗೆ ಹೋಗಿ ಅವನ ಪಕ್ಕದಲ್ಲಿ ನಿಂತನು.

"ಹೆಂಗೈತೆ ಕೋವಿ?"

"ಫಳಫಳ ಅಂತೈತೆ ನೋಡು," ಎಂದು ಬೋರಣ್ಣ ಪಿಸುಗುಟ್ಟಿದನು. "ದೊರೆ ಬರ್ತಾರೆ ಅಂತ ಬೆಳಗ್ಗೆ ಒಂದು ಒಳಲೆ ಹರಳೆಣ್ಣೆ ಹೊಯ್ದೆ. ಒಳಗೂವೆ."

ಚಿತ್ತಯ್ಯ ಅವನ ತೋಳು ಹಿಡಿದನು. "ಅಯ್ಯೋ ನಿನ್ನ! ನಾನೇನು ಹೇಳಿದ್ದೆ?"

"ಸ್ವಲ್ಪ ತಾನೆ..."

ದೊರೆ ನಳಿಗೆಯನ್ನು ಬಾಗಿಸಿದನು, ಗುಂಡನ್ನಿಟ್ಟನು. ಚಿತ್ತಯ್ಯ ಒಂದು ಹೆಜ್ಜೆ ಮುಂದಿಟ್ಟನು. ಗುಮಾಸ್ತ ಕೈ ಅಡ್ಡ ಹಿಡಿದನು. ಢಮ್ಮೆಂದ ಸದ್ದಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ನೀಲಿ ಹೊಗೆ ದೊರೆಯ ಟೋಪಿಯ ಸುತ್ತ ಸುಳಿದಾಡಿತು. ಬೋರಣ್ಣ ರುಮಾಲನ್ನು ತೆಗೆದು ಎದೆಗವುಚಿಕೊಂಡನು.

ದೊರೆ ತಿರುಗಿ ನೋಡಿದನು. ಗುಮಾಸ್ತನಿಗೆ ಏನೋ ಹೇಳಿದನು. ಆಮೇಲೆ ಹೊಟ್ಟೆ ಕುಲುಕುವಂತೆ ನಗತೊಡಗಿದನು.

"ಎಣ್ಣೆ ಅತಿಯಾಯ್ತಂತೆ," ಎಂದನು ಗುಮಾಸ್ತ. "ಅವರ ತಮ್ಮನೂ ಚಿಕ್ಕಂದಿನಲ್ಲಿ ಹೀಗೇ ಮಾಡಿ ಹುಬ್ಬು ಸುಟ್ಟುಕೊಂಡಿದ್ದನಂತೆ. ಬೋರಣ್ಣ, ಇನ್ನು ಮೇಲೆ ಎಣ್ಣೆ ನಿನ್ನ ತಲೆಗೆ ಮಾತ್ರ ಹಚ್ಕೊ. ಹೋಗು, ಸ್ನಾನಕ್ಕೆ ನೀರು ಕಾಯಿಸು."

ನೀರು ಕಾಯಿಸು ಎಂದರೆ ಕೆಲಸ ಉಳಿಯಿತೆಂದು ಅರ್ಥ. ಬೋರಣ್ಣ ಓಡಿದನು. ಆದರೆ ಚಿತ್ತಯ್ಯ ನಿಂತಲ್ಲಿಂದ ಕದಲಲಿಲ್ಲ.

"ಬುದ್ದೀ, ಎಣ್ಣೆ ಸರಿ. ಹೊತ್ತಿಸಿದ್ದು ಯಾವುದು?"

ಗುಮಾಸ್ತ ದೊರೆಯನ್ನು ಕೇಳಿ ಬಂದನು. "ಗಾಳಿಯಂತೆ. ಒಮ್ಮೆಲೇ ಅದುಮಿದರೆ ಗಾಳಿಯೇ ಕಾಯುತ್ತದಂತೆ. ನನ್ನ ಬೈಸಿಕಲ್ಲಿನ ಪಂಪು ಕಾಯುವುದಿಲ್ಲವೇ, ಹಾಗೆ."

"ಯಾವ ಪಂಪು?"

ಅದುವರೆಗೆ ಚಿತ್ತಯ್ಯ ಬೈಸಿಕಲ್ಲನ್ನು ದೂರದಿಂದ ನೋಡಿದ್ದನೇ ಹೊರತು ಮುಟ್ಟಿರಲಿಲ್ಲ. ಗುಮಾಸ್ತನ ಬೈಸಿಕಲ್ಲು ಜಗುಲಿಗೆ ಒರಗಿತ್ತು. ಗುಮಾಸ್ತ ತೋರಿಸಿದಂತೆ ಚಿತ್ತಯ್ಯ ಪಂಪಿನ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿದನು, ಮತ್ತೆ ಒತ್ತಿದನು. ಹಿತ್ತಾಳೆಯ ಕೊಳವೆ ಬಿಸಿಯಾಯಿತು. ಅದನ್ನು ಕೆನ್ನೆಗೆ ತಾಗಿಸಿ ನೋಡಿದನು. ಅಂದು ಊರಿಗೆ ಹೊರಟ ಮೊದಲ ಗಾಡಿಯನ್ನು ಬಿಟ್ಟನು, ಎರಡನೆಯದನ್ನೂ ಬಿಟ್ಟನು.

ಇದೆಲ್ಲ ನಡೆದು ಈಗ ಹತ್ತು ಹನ್ನೆರಡು ವರ್ಷಗಳೇ ಆಗಿರಬೇಕು. ಅರ್ಧಕ್ಕೆ ನಿಂತಿದ್ದ ಆ ಸೀರೆಯನ್ನು ಮುಗಿಸಿದವಳು ಈಶ್ವರಮ್ಮ. ಮಗ್ಗದ ಗುಂಡಿಗೆ ಈಗಲೂ ಅವಳೇ ಇಳಿಯುತ್ತಾಳೆ, ಅವಳ ಅಂಚಿನಲ್ಲಿ ಎಳೆ ತಪ್ಪುವುದಿಲ್ಲ. ಚಿತ್ತಯ್ಯ ಚಳ್ಳಕೆರೆಯಲ್ಲಿ ಬೈಸಿಕಲ್ಲುಗಳನ್ನು ರಿಪೇರಿ ಮಾಡುತ್ತಾನೆ. ಅಲ್ಲಿ ಕೆಲಸವಿಲ್ಲದ ದಿನ ಚೀಲವನ್ನು ಹೆಗಲಿಗೇರಿಸಿ ಪರಶುರಾಂಪುರದ ಕಡೆಗೆ ಹೊರಡುತ್ತಾನೆ. ಪಂಪಿನೊಳಗಿನ ಚರ್ಮ ಸವೆದರೆ ಅಲ್ಲಿಯೂ ರೇಷ್ಮೆಯನ್ನೇ ಸುತ್ತುತ್ತಾನೆ. ಮೊನ್ನೆ ಕಂಡಾಗ ಯಾರದೋ ಗಾಲಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದನು. ಕಣ್ಣು ಮಾತ್ರ ರಸ್ತೆಯ ಆ ಬದಿಯಲ್ಲಿ ಕೆಟ್ಟು ನಿಂತ ಮೋಟಾರಿನ ಮೇಲಿತ್ತು.

"ಒಂದು ನಿಮಿಷ, ಬಂದೆ," ಎಂದು ಗಾಲಿಯನ್ನು ಅದರ ಒಡೆಯನ ಕೈಗೇ ಕೊಟ್ಟು ಎದ್ದು ಹೋದನು.