ಪಂಜರದ ಮೇಲಿನ ಕೆಂಪು ದಾರ

ನನ್ನ ನಾದಿನಿ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಹಾಲನ್ನು ಮೂಸಿ ನೋಡದೆ ಒಲೆಗೆ ಇಡುವುದಿಲ್ಲ. ಬೀಗ ಹಾಕಿದ ಮೇಲೆ ಬಾಗಿಲನ್ನು ಎಳೆದು ನೋಡುತ್ತಾಳೆ, ಬೀದಿಯ ತುದಿಯವರೆಗೆ ಹೋದವಳು ಹಿಂದಿರುಗಿ ಬಂದು ಮತ್ತೊಮ್ಮೆ ಎಳೆಯುತ್ತಾಳೆ. "ಕನ್ನಡೀಲಿ ತನ್ನ ಮುಖ ಕಂಡ್ರೂ ಗುರುತಿನ ಚೀಟಿ ಕೇಳೋಳು ಇವಳು" ಎಂದು ನನ್ನ ಯಜಮಾನರು ನಗುತ್ತಾರೆ. ಅವರ ಒಬ್ಬಳೇ ತಂಗಿ. ಮದುವೆ ಬೇಡವೆಂದು ನಮ್ಮ ಜೊತೆಯಲ್ಲೇ ಇದ್ದಾಳೆ. ನಮ್ಮ ಮಕ್ಕಳಿಗೆ ಅವಳು ಇಲಿಯತ್ತೆ.

ಹೆಸರಿಗೆ ತಕ್ಕ ಕೆಲಸ. ಒಂದು ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಬಿಳಿ ಇಲಿಗಳ ಕೋಣೆ ಇದೆ, ಅಲ್ಲಿ ಅವಳ ದಿನ ಕಳೆಯುತ್ತದೆ. ನಮ್ಮ ಕರುಳಿನೊಳಗೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಸಂಸಾರ ಹೂಡಿಕೊಂಡಿರುತ್ತವಂತೆ. ಅವುಗಳಲ್ಲಿ ಒಳ್ಳೆಯ ಜಾತಿಯದೊಂದನ್ನು ಕುಡಿಸಿದರೆ, ತಿಂದದ್ದು ಕೊಬ್ಬಾಗಿ ಕೂಡುವುದು ಕಡಿಮೆಯಾಗುತ್ತದೆಯೇ ಎಂಬುದು ಅವಳ ಪ್ರಶ್ನೆ. ನಾನು ಹೆಚ್ಚು ಓದಿದವಳಲ್ಲ. ಸಂಜೆ ಅವಳು ಕಾಲು ಚಾಚಿ ಕುಳಿತು ಹೇಳಿದ್ದನ್ನು ಕೇಳಿ ಕೇಳಿ, ಆಮೇಲೆ ಮಕ್ಕಳ ಪುಸ್ತಕಗಳಲ್ಲಿ ಹುಡುಕಿ ತಿಳಿದುಕೊಂಡದ್ದು ಇಷ್ಟು. ಅಷ್ಟು ಸಣ್ಣ ಜೀವಕ್ಕೂ ದೇವರು ಒಂದು ಕೆಲಸ ಹಚ್ಚಿರುವುದು ನನಗೇನೂ ವಿಚಿತ್ರವೆನಿಸಲಿಲ್ಲ.

ಆ ಕೋಣೆಯಲ್ಲಿ ಅವಳ ಜೊತೆಗೆ ಇನ್ನೊಬ್ಬಳಿದ್ದಾಳೆ. ಇಲಿಗಳನ್ನು ತೂಗುವುದು ಅವಳ ಪಾಲಿನ ಕೆಲಸ. ಮೈಕೈ ತುಂಬಿಕೊಂಡ ಹೆಂಗಸು. "ತೂಕದಕ್ಕ" ಎಂಬ ಹೆಸರನ್ನು ತನಗೆ ತಾನೇ ಇಟ್ಟುಕೊಂಡವಳು. ಇಬ್ಬರೂ ಓದುವಾಗ ಒಂದೇ ಬೆಂಚಿನಲ್ಲಿ ಕುಳಿತವರು. ನಮ್ಮ ಮನೆಗೆ ಬಂದರೆ ನೆಟ್ಟಗೆ ಅಡುಗೆಮನೆಗೇ ಬರುತ್ತಿದ್ದಳು. "ಅತ್ತಿಗೆ, ಈ ಬ್ಯಾಕ್ಟೀರಿಯಾ ಕೆಲಸ ಮಾಡಿದ್ರೆ ಮೊದಲ ಸೀಸೆ ನಂಗೆ. ಇಲಿ ಆಮೇಲೆ ತೆಳ್ಳಗಾಗ್ಲಿ" ಎಂದು ನಗಿಸುತ್ತಿದ್ದಳು.

ಈ ಕೆಲಸದ ಮುಂದಾಳತ್ವ ತನಗೆ ಬರುತ್ತದೆಂದು ತೂಕದಕ್ಕ ಅಂದುಕೊಂಡಿದ್ದಳು. ವಿಭಾಗದ ಮುಖ್ಯಸ್ಥರು, ಇವರೆಲ್ಲ ದೊಡ್ಡ ಸಾರ್ ಎನ್ನುವವರು, ಅದನ್ನು ನನ್ನ ನಾದಿನಿಗೆ ಕೊಟ್ಟರು. ತೂಕದಕ್ಕ ಏನೂ ಅನ್ನಲಿಲ್ಲ. ಏನೂ ಅನ್ನದಿದ್ದದ್ದೇ ನಾದಿನಿಯ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಇಲಿಗಳಿಗೆಲ್ಲ ಕೊಬ್ಬಿನ ತಿನಿಸು. ಎಡಗಿವಿಯ ಅಂಚು ಕತ್ತರಿಸಿ ಗುರುತು ಮಾಡಿದವುಗಳ ಬಾಯಿಗೆ ಬ್ಯಾಕ್ಟೀರಿಯಾದ ಹನಿ, ಬಲಗಿವಿಯವುಗಳಿಗೆ ಬರೀ ನೀರಿನ ಹನಿ. ಎಡಗಿವಿಯವು ತೆಳ್ಳಗಿದ್ದು ಬಲಗಿವಿಯವು ದಪ್ಪಗಾದರೆ ಕೆಲಸ ಗೆದ್ದಂತೆ. ನಾದಿನಿ ಪಂಜರಗಳನ್ನೂ ನಂಬಲಿಲ್ಲ. ಒಂದು ಪಂಜರ ದೀಪದ ಹತ್ತಿರ, ಇನ್ನೊಂದು ತಂಪುಗಾಳಿಯ ಯಂತ್ರದ ಕೆಳಗೆ. ಒಂದು ಗುಂಪನ್ನು ಒಂದು ಕಡೆ ಇಟ್ಟರೆ ಜಾಗದ ಗುಣವೇ ಫಲಿತಾಂಶದೊಳಗೆ ನುಸುಳಬಹುದು ಎಂಬ ಅನುಮಾನ. ಆದ್ದರಿಂದ ಪ್ರತಿ ಪಂಜರದಲ್ಲೂ ಎಡಗಿವಿ ಬಲಗಿವಿಗಳನ್ನು ಬೆರೆಸಿಯೇ ಇಟ್ಟಳು. ಮೊದಲು ಔಷಧಗಳ ಪರೀಕ್ಷೆಯ ವಿಭಾಗದಲ್ಲಿದ್ದಾಗ ಅವಳು ಕಲಿತ ಪದ್ಧತಿ ಅದು, ಅಲ್ಲಿ ಅದೇ ಸರಿ.

ಎಡಗಿವಿಯವು ತೆಳ್ಳಗೇ ಉಳಿದವು. ಬಲಗಿವಿಯವೂ ತೆಳ್ಳಗೇ ಉಳಿದವು.

"ಬರೀ ನೀರು ಕುಡಿದು, ಕೊಬ್ಬು ತಿಂದು, ಯಾವ ಇಲಿ ಅತ್ತಿಗೆ ತೆಳ್ಳಗಿರುತ್ತೆ?" ಎಂದು ಒಂದು ಸಂಜೆ ನನ್ನನ್ನು ಕೇಳಿದಳು. ಚೀಲವನ್ನು ಇನ್ನೂ ಹೆಗಲಿನಿಂದ ಇಳಿಸಿರಲಿಲ್ಲ. "ಯಾರೋ ಪಂಜರದ ನೀರಿನ ಸೀಸೆಗೆ ಬ್ಯಾಕ್ಟೀರಿಯಾ ಬೆರೆಸ್ತಿದಾರೆ. ಎರಡೂ ಗುಂಪು ಒಂದೇ ಆದ್ರೆ ನನ್ನ ಕೆಲಸ ನೆಲ ಕಚ್ಚುತ್ತೆ. ಯಾರಿಗೆ ಬೇಕು ಅದು?"

"ಯಾರಿಗೆ?"

"ಆ ಕೋಣೆಗೆ ಕಾಲಿಡೋರು ಎಷ್ಟು ಜನ ಹೇಳು."

ಅಂದಿನಿಂದ ತೂಕದಕ್ಕ ನಕ್ಕರೆ ಯಾಕೆ ನಕ್ಕಳು, ಬೇಗ ಹೊರಟರೆ ಎಲ್ಲಿಗೆ ಹೊರಟಳು ಎಂದು ನಾದಿನಿಗೆ ಅನುಮಾನ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ತೂಕದಕ್ಕ ಒಮ್ಮೆ, "ಸೀಸೆಗಳನ್ನ ಇನ್ಮೇಲೆ ನಾನೇ ತುಂಬ್ಲಾ, ನಿಂಗೆ ಸುಸ್ತಾದ ಹಾಗಿದೆ" ಎಂದಳಂತೆ. ಅದನ್ನು ನನ್ನ ಮುಂದೆ ಹೇಳುವಾಗ ನಾದಿನಿಯ ಕಣ್ಣು ಸಣ್ಣಗಾಗಿತ್ತು. ನಿಜ ಹೇಳಬೇಕೆಂದರೆ, ಕೇಳಿ ಕೇಳಿ ನನಗೂ ಆ ಹೆಂಗಸಿನ ಮೇಲೆ ಸಣ್ಣ ಗುಮಾನಿ ಹುಟ್ಟಿತ್ತು.

ಕೊನೆಗೆ ಅವಳು ನನ್ನ ಹೊಲಿಗೆ ಡಬ್ಬಿಯಿಂದ ಕೆಂಪು ದಾರ ತೆಗೆದುಕೊಂಡು ಹೋದಳು. ಸಂಜೆ ಎಲ್ಲರೂ ಹೊರಟ ಮೇಲೆ ಒಂದು ಪಂಜರದ ಸರಳು ಮುಚ್ಚಳಕ್ಕೂ ನೀರಿನ ಸೀಸೆಗೂ ಸೇರಿಸಿ ಒಂದು ಎಳೆ ಕಟ್ಟಿದಳು. ಮುಚ್ಚಳ, ಸೀಸೆ ಯಾವುದನ್ನು ತೆಗೆದರೂ ದಾರ ಹರಿಯಲೇಬೇಕು. ಬೆಳಿಗ್ಗೆ ನೋಡಿದರೆ ದಾರ ಹರಿದಿತ್ತು, ತುಂಡು ಮಾಯ. ಅವಳಿಗಿಂತ ಮೊದಲು ಕೋಣೆಗೆ ಬಂದಿದ್ದವಳು ತೂಕದಕ್ಕ.

ನೆಟ್ಟಗೆ ದೊಡ್ಡ ಸಾರ್ ಹತ್ತಿರ ಹೋಗಿ ಹೇಳಿಬಿಟ್ಟಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸರಿ. ನಾಳೆ ಅವಳನ್ನ ಕರೆಸ್ತೀನಿ" ಎಂದರಂತೆ. ಆ ಕರೆಯ ಅರ್ಥ ಅಲ್ಲಿ ಎಲ್ಲರಿಗೂ ಗೊತ್ತು. ಪ್ರಯೋಗ ಕೆಡಿಸಿದವಳು ಎಂಬ ಮಾತು ಒಮ್ಮೆ ಅಂಟಿದರೆ ಮುಗಿಯಿತು, ಯಾವ ಸಂಶೋಧನಾಲಯವೂ ಅಂಥವಳನ್ನು ಪಂಜರದ ಹತ್ತಿರ ಬಿಟ್ಟುಕೊಳ್ಳುವುದಿಲ್ಲ.

ಆ ಸಂಜೆ ನಾದಿನಿ ತಟ್ಟೆಯ ಮುಂದೆ ಕುಳಿತು ಕೇಳಿದಳು.

"ಸರಿಯಾಗೇ ಮಾಡ್ದೆ ಅಲ್ವಾ ಅತ್ತಿಗೆ?"

"ಅವಳು ಮುಚ್ಚಳ ತೆಗೆದದ್ದನ್ನ ನೀನು ಕಣ್ಣಾರೆ ಕಂಡ್ಯಾ?"

"ದಾರ ಹರಿದಿತ್ತಲ್ಲ."

"ದಾರ ಹರಿದದ್ದನ್ನ ಕಂಡೆ. ಹರಿದೋರನ್ನ ಕಂಡ್ಯಾ ಅಂತ ಕೇಳಿದ್ದು."

ಅವಳಿಗೆ ಸಿಟ್ಟು ಬಂತು. "ನೀನೂ ಅವಳ ಕಡೇನಾ?" ಎಂದು ಎದ್ದು ಹೋದಳು. ನಾನು ದೇವರ ಮುಂದೆ ಕುಳಿತೆ. ಯಾರ ಪರವಾಗಿಯೂ ಬೇಡಲಿಲ್ಲ. ನಿಜ ಯಾವುದೋ ಅದು ನಾಳೆಗೆ ಮೊದಲು ಕಾಣಲಿ ಎಂದಷ್ಟೇ ಕೇಳಿಕೊಂಡೆ.

ಮರುದಿನ ಬೇಗನೆ ಹೋದಳು. ಮತ್ತೆ ದಾರ ಕಟ್ಟಿ, ಬಿಳಿ ನಿಲುವಂಗಿ, ತಲೆಗೆ ಟೋಪಿ ಹಾಕಿಕೊಂಡು, ತಿನಿಸಿನ ಮೂಟೆಗಳ ಹಿಂದೆ ಅಡಗಿ ಕುಳಿತಳು. ಈ ಸಲ ಕಣ್ಣಾರೆ ಕಂಡೇ ತೀರಬೇಕೆಂಬ ಹಟ. ತೂಕದಕ್ಕ ಬರುವುದು ತಡವಾಯಿತು. ಬೇರೇನೂ ನೋಡಲು ಇಲ್ಲದ್ದರಿಂದ ಇಲಿಗಳನ್ನೇ ನೋಡಿದಳು. ದಿನವೂ ಅವುಗಳನ್ನು ಹಿಡಿದು, ಹನಿ ಕುಡಿಸಿ, ಬಿಡುತ್ತಿದ್ದವಳು ಸುಮ್ಮನೆ ಕುಳಿತು ನೋಡಿದ್ದು ಅದೇ ಮೊದಲು.

ಒಂದು ಇಲಿ ಹಿಂಗಾಲ ಮೇಲೆ ನಿಂತು ಸರಳಿನ ಸಂದಿಯಿಂದ ದಾರ ಹಿಡಿದು ಎಳೆಯಿತು. ಕಚ್ಚಿ ತುಂಡು ಮಾಡಿ ಮೂಲೆಯ ಗೂಡಿಗೆ ಒಯ್ದಿತು. ಅಲ್ಲಿ ನಿನ್ನೆಯ ತುಂಡು ಆಗಲೇ ಹಾಸಿಗೆಯಾಗಿತ್ತು.

ಇವಳು ಇನ್ನೂ ಅದನ್ನೇ ನೋಡುತ್ತಿರುವಾಗ ಬಲಗಿವಿಯ ಇಲಿಯೊಂದು ಎಡಗಿವಿಯದರ ಹಿಂದೆ ಹೋಗಿ, ಅದು ಹಾಕಿದ ಹಿಕ್ಕೆಯನ್ನು ಮುಂಗಾಲಲ್ಲಿ ಎತ್ತಿಕೊಂಡು ತಿಂದಿತು. ಇನ್ನೊಂದೂ ತಿಂದಿತು. ಕರುಳಿನ ಬ್ಯಾಕ್ಟೀರಿಯಾ ಹಿಕ್ಕೆಯಲ್ಲಿ ಇಳಿದು ಪಂಜರಕ್ಕೆಲ್ಲ ಪ್ರಸಾದದಂತೆ ಹಂಚಿಹೋಗುತ್ತಿತ್ತು. "ಇಲಿ ಹಿಕ್ಕೆ ತಿನ್ನುತ್ತೆ ಅಂತ ನಂಗೆ ಗೊತ್ತೇ ಇತ್ತು ಅತ್ತಿಗೆ. ಔಷಧದ ಕೆಲಸದಲ್ಲಿ ಅದರಿಂದ ಅಂಥ ತೊಂದರೆ ಆಗ್ತಿರಲಿಲ್ಲ. ಇಲ್ಲಿ ಜಾಗದ ಮೇಲೆ ಅನುಮಾನ ಪಟ್ಟೆ, ಮನುಷ್ಯರ ಮೇಲೆ ಪಟ್ಟೆ, ಬೆರೆಸಿಟ್ಟ ನನ್ನ ಕೈ ಮೇಲೆ ಪಡಲಿಲ್ಲ" ಎಂದು ಆಮೇಲೆ ನನ್ನಲ್ಲಿ ಹೇಳಿದಳು.

ಅಷ್ಟರಲ್ಲಿ ತೂಕದಕ್ಕ ಒಳಗೆ ಬಂದಳು. ಮೂಟೆಯ ಹಿಂದೆ ಬಿಳಿ ಟೋಪಿ ಕಂಡಿತು.

"ಏನೇ ಇದು, ಕಣ್ಣಾಮುಚ್ಚಾಲೆನಾ?"

ಇವಳು ಎದ್ದು ನಿಂತಳು. ತೂಕದಕ್ಕ ಪಂಜರ ನೋಡಿದಳು, ಮುಚ್ಚಳಕ್ಕೆ ತೂಗುತ್ತಿದ್ದ ದಾರದ ತುದಿ ನೋಡಿದಳು, ಗೂಡಿನ ಕೆಂಪು ನೋಡಿದಳು. ಅವಳೂ ಅದೇ ವಿದ್ಯೆ ಕಲಿತವಳಲ್ಲವೇ. ನಗು ಮುಖದಿಂದ ಮೆಲ್ಲಗೆ ಇಳಿದುಹೋಯಿತು.

"ಇಲಿ ಹಿಡಿಯೋಕಲ್ಲ ಇದು ಕಟ್ಟಿದ್ದು" ಎಂದಳು.

"ಅಲ್ಲ."

"ಸಾರ್ ಹತ್ರ ಹೇಳಿದ್ಯಾ?"

"ಹೇಳಿದೀನಿ. ಈಗ್ಲೇ ಹೋಗಿ ತಪ್ಪು ನಂದು ಅಂತೀನಿ."

ಹೋದಳು, ಹೇಳಿದಳು. ದೊಡ್ಡ ಸಾರ್ ಕನ್ನಡಕ ಹಾಕಿಕೊಂಡೇ ಕೇಳಿದರಂತೆ: "ನಿನ್ನೆ ಅವಳ ಮೇಲೆ ಅನುಮಾನ, ಇವತ್ತು ಹಿಕ್ಕೆ ಮೇಲೆ. ನಾಳೆ ನನ್ನ ಮೇಲಾ?" ತೂಕದಕ್ಕನನ್ನು ಕರೆಸಲಿಲ್ಲ. ಹೊಸ ಇಲಿಗಳು ಬರಬೇಕು, ಎರಡು ಗುಂಪಿಗೂ ಬೇರೆ ಬೇರೆ ಪಂಜರ, ಮೊದಲಿನಿಂದ ಶುರು. ಈ ಸಲ ಮುಂದಾಳತ್ವ ಇಬ್ಬರಿಗೂ ಎಂದರು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ನನ್ನ ಯಜಮಾನರು ಅಂದಾಗ ಮನೆಯಲ್ಲಿ ಯಾರೂ ನಗಲಿಲ್ಲ.

ತೂಕದಕ್ಕ ಆಮೇಲೆ ನಮ್ಮ ಮನೆಗೆ ಬಂದಿಲ್ಲ. ಕೆಲಸದಲ್ಲಿ ಮಾತಾಡುತ್ತಾಳಂತೆ, ಕೆಲಸದ ಮಾತು. ಮಧ್ಯಾಹ್ನ ಮೊದಲಿನಂತೆ ಒಂದೇ ಮೇಜಿಗೆ ಊಟಕ್ಕೆ ಕೂರುತ್ತಾಳೆ. ಕೈ ತೊಳೆಯಲು ಹೋಗುವ ಮೊದಲು ಮಾತ್ರ ತನ್ನ ಊಟದ ಡಬ್ಬಿಗೆ ಒಂದು ಕೆಂಪು ದಾರ ಸುತ್ತಿ ಗಂಟು ಹಾಕುತ್ತಾಳೆ. ಬಂದು, ಬಗ್ಗಿ ಗಂಟು ನೋಡಿ, ಬಿಚ್ಚುತ್ತಾಳೆ.

"ತಮಾಷೆಗೆ ಮಾಡ್ತಾಳೋ, ನಿಜಕ್ಕೂ ಮಾಡ್ತಾಳೋ, ಗೊತ್ತಾಗ್ತಿಲ್ಲ ಅತ್ತಿಗೆ" ಎಂದಳು ನಾದಿನಿ.

"ಕೇಳು ಅವಳನ್ನೇ."

"ತಮಾಷೆಗೆ ಅಂತಾಳೆ."

"ಮತ್ತೆ?"

"ನಂಬೋಕಾಗ್ತಿಲ್ಲ."