ಪಿಳ್ಳಮ್ಮ ಇರಬೇಕಾದ ಜಾಗದಲ್ಲಿ ನಾನು

ಪರಿವಿಡಿಯ ಪುಟದಲ್ಲಿ ಪಿಳ್ಳಮ್ಮನ ಮುಖ ಇರಬೇಕಾದ ಕಡೆ ನನ್ನ ಮುಖ ಹಾಕಿಸಿಕೊಂಡವಳು ನಾನೇ. ಯಾರ ಕೈತಪ್ಪೂ ಅಲ್ಲ, ಅಚ್ಚಿನವರ ತಪ್ಪೂ ಅಲ್ಲ. ಸುಳ್ಳು ಹೇಳಿ ಹಾಕಿಸಿಕೊಂಡೆ. ನಾಲ್ಕು ವರ್ಷವಾಯಿತು. ಆ ತಿಂಗಳು ಈ ಸಂಗೀತ ಪತ್ರಿಕೆಯನ್ನು ಕೈಗೆತ್ತಿಕೊಂಡವರು, ರೇಷ್ಮೆ ಸೀರೆ ಉಟ್ಟು ನಿಮ್ಮನ್ನೇ ದಿಟ್ಟಿಸುತ್ತಿದ್ದ ಮುದುಕಿಯೊಬ್ಬಳನ್ನು ಮೊದಲ ಹಾಳೆಯಲ್ಲೇ ನೋಡಿರುತ್ತೀರಿ. ಅವಳ ಪಕ್ಕದಲ್ಲಿ ‘ಸೋಬಾನೆ ಪದಗಳ ಕಣಜ’ ಎಂದು ದಪ್ಪಕ್ಷರದಲ್ಲಿತ್ತು. ಆ ಮುದುಕಿ ನಾನು. ಕಣಜ ನಾನಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಇದನ್ನು ಬರೆಯಲು ಹನ್ನೊಂದು ದಿನ ಹಿಡಿಯಿತು. ಕಾಗುಣಿತ ತಿದ್ದಿದವಳು ನನ್ನ ಮೊಮ್ಮಗಳು ರೂಪ. ಬೇರೆ ಏನನ್ನೂ ಮುಟ್ಟಬೇಡ, ಚೆಂದ ಮಾಡಬೇಡ ಎಂದು ಅವಳಿಗೆ ಹೇಳಿದ್ದೇನೆ.

ರೂಪ ನನ್ನ ದೊಡ್ಡ ಮಗನ ಮಗಳು. ಈ ಪತ್ರಿಕೆಯ ಪುಟಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ಅವಳದು. ಬೆಂಗಳೂರಿನ ಪಕ್ಕದ ವಿಜಯಪುರದ ಹತ್ತಿರ ನಮ್ಮೂರು. ವಾರಕ್ಕೆರಡು ದಿನ ಬಸ್ಸು ಹಿಡಿದು ಬೆಂಗಳೂರಿಗೆ ಹೋಗುತ್ತಾಳೆ. ಉಳಿದ ದಿನ ರೇಷ್ಮೆಹುಳು ಸಾಕುವ ನಮ್ಮ ಹುಳುಮನೆಯ ಜಗಲಿಯಲ್ಲಿ ಕೂತು ಕೆಲಸ ಮಾಡುತ್ತಾಳೆ. ನಾನು ಅಲ್ಲೇ ಹುಳುವಿಗೆ ಸೊಪ್ಪು ಕತ್ತರಿಸುತ್ತಿರುತ್ತೇನೆ. ಹಾಗೆ ಶುರುವಾಯಿತು ಇದೆಲ್ಲ.

ಒಂದು ದಿನ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಕೇಳಿದಳು: “ಅಜ್ಜಿ, ಓದ್ಬೇಡ. ಸುಮ್ನೆ ನೋಡು. ಕಣ್ಣು ಮೊದ್ಲು ಎಲ್ಲಿಗೆ ಹೋಯ್ತು ಹೇಳು.”

“ಎಲ್ಲಿಗೂ ಹೋಗ್ಲಿಲ್ಲ. ಇದೇನೇ ಇದು, ಎಲೆ ತುಂಬಾ ಪಲ್ಯ ಕೋಸಂಬರೀನೇ ಬಡಿಸ್ಬಿಟ್ಟಿದೀಯ, ಅನ್ನ ಎಲ್ಲಿಗ್ ಹಾಕ್ತೀಯ?”

ಬಿದ್ದು ಬಿದ್ದು ನಕ್ಕಳು. ಆಮೇಲೆ ಪುಟದಲ್ಲಿದ್ದ ಅರ್ಧ ಫೋಟೋ ತೆಗೆದು ಹಾಕಿದಳು. ಖಾಲಿ ಜಾಗ ಬಂದ ಮೇಲೆ ಉಳಿದದ್ದು ಕಾಣಿಸಿತು.

ಅಲ್ಲಿಂದ ಪ್ರತಿ ತಿಂಗಳೂ ಪರಿವಿಡಿ ನನ್ನ ಮುಂದೆ ಬರತೊಡಗಿತು. ಓದಿದವರಿಗೆ ತೋರಿಸಿದರೆ ಅವರು ಓದಲು ಶುರು ಮಾಡುತ್ತಾರಂತೆ, ಕಣ್ಣು ಎಲ್ಲಿಗೆ ಹೋಯಿತೆಂದು ಅವರಿಗೇ ತಿಳಿಯುವುದಿಲ್ಲವಂತೆ. ನನಗೆ ಆ ತೊಂದರೆ ಇಲ್ಲ. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಪತ್ರಿಕೆ ಎತ್ತಿಕೊಂಡವರು ಮೊದಲ ಹಾಳೆ ತಿರುವಿ ನಿಲ್ಲುವುದು ವೀಳ್ಯದೆಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು. ಅಷ್ಟರೊಳಗೆ ಒಂದು ಮುಖ ಹಿಡಿಯಬೇಕು, ಮುಖದ ಪಕ್ಕ ಪುಟದ ಅಂಕಿ ದೊಡ್ಡದಾಗಿ ಕಾಣಬೇಕು, ಅದರ ಹತ್ತಿರ ಮೂರ್ನಾಲ್ಕು ಮಾತು ಇರಬೇಕು. ಹಿಡಿಯದಿದ್ದರೆ ಪುಸ್ತಕ ವಾಪಸು ಗೂಡಿಗೆ. ಒಮ್ಮೆ ಪಿಟೀಲು ನುಡಿಸುವವರೊಬ್ಬರ ಮುಖ ಪುಟದ ಆಚೆಗೆ ತಿರುಗಿತ್ತು. “ಈಯಪ್ಪ ಎದ್ದು ಹೋಗ್ತಾವ್ನೆ ಕಣೇ, ಒಳಕ್ ತಿರುಗ್ಸು” ಎಂದೆ. ಇವಳು ಫೋಟೋವನ್ನೇ ಮಗುಚಿಬಿಟ್ಟಳು. ಪಿಟೀಲು ಎಡಗೈಯಿಂದ ಬಲಗೈಗೆ ಬಂದುಬಿಟ್ಟು ಆಫೀಸಿನಲ್ಲಿ ಬೈಸಿಕೊಂಡಳು. ಕೊನೆಗೆ ಅವರನ್ನು ಪುಟದ ಆ ಕಡೆಯಿಂದ ಈ ಕಡೆಗೆ ಕೂರಿಸಿದೆವು. ಕೆಂಪು ಬಣ್ಣ ಎಲ್ಲ ಕಡೆ ಬಳಿದಾಗ, ಕುಂಕುಮ ಹಣೆಗಿಟ್ಟರೆ ಲಕ್ಷಣ, ಮುಖಕ್ಕೆಲ್ಲ ಮೆತ್ತಿಕೊಂಡರೆ ಮೈಮೇಲೆ ದೇವರು ಬಂದ ಹಾಗೆ ಅಂದೆ. ಅದನ್ನೂ ಕೇಳಿದಳು.

“ಅಜ್ಜಿ ಪಾಸ್ ಮಾಡಿದ್ರಾ?” ಎಂದು ಸಂಪಾದಕರೇ ಫೋನಿನಲ್ಲಿ ಕೇಳುತ್ತಿದ್ದರು. ನನ್ನ ಕಣ್ಣನ್ನು ನಂಬಿದ್ದರು. ನಂಬುವುದಕ್ಕೆ ಕಾರಣವೂ ಇತ್ತು — ಅದಕ್ಕೆ ಸುಳ್ಳು ಹೇಳಿ ಆಗಬೇಕಾದ್ದು ಏನೂ ಇರಲಿಲ್ಲ. ಆವರೆಗೆ.

ಆಮೇಲೆ ಮದುವೆ ಹಾಡುಗಳ ಸಂಚಿಕೆ ಮಾಡುತ್ತೇವೆ ಎಂದರು.

ಪಿಳ್ಳಮ್ಮ ನಮ್ಮ ಬೀದಿಯವಳಲ್ಲ. ಊರಾಚೆಯ ಕೇರಿಯವಳು. ನಾವಿಬ್ಬರೂ ಒಂದೇ ವರ್ಷ ಈ ಊರಿಗೆ ಸೊಸೆಯಾಗಿ ಬಂದವರು. ನಮ್ಮ ಮನೆಗಳ ಮದುವೆಯಲ್ಲಿ ಅವಳು ಚಪ್ಪರದ ಕೊನೆಯ ಕಂಬದ ಆಚೆ ಕೂರುತ್ತಿದ್ದಳು. ನಾವು ಹೆಂಗಸರು ಒಳಗೆ. ಸೋಬಾನೆಯಲ್ಲಿ ಒಬ್ಬಳು ಸಾಲು ಎತ್ತಬೇಕು, ಮಿಕ್ಕವರು ಸಾಲಿನ ಬಾಲ ಹಿಡಿದು ಸೋಬಾನ ಎನ್ನಬೇಕು. ಎತ್ತುವವಳು ಯಾವಾಗಲೂ ಪಿಳ್ಳಮ್ಮ. ಹಿಡಿಯುವವಳು ನಾನು. ಮೂವತ್ತು ವರ್ಷ ಹಿಡಿದಿದ್ದೇನೆ. ಅವಳಿಗೆ ಎಷ್ಟು ಪದ ಬರುತ್ತಿತ್ತು ಎಂದು ಲೆಕ್ಕ ಇಟ್ಟವರಿಲ್ಲ. ಅರಿಶಿನ ಹಚ್ಚುವುದಕ್ಕೆ ಬೇರೆ, ಬಳೆ ತೊಡಿಸುವುದಕ್ಕೆ ಬೇರೆ, ಬೀಗರನ್ನು ಹಂಗಿಸುವುದಕ್ಕೆ ಬೇರೆ. ರೂಪ ಹುಟ್ಟುವ ಹೊತ್ತಿಗೆ ಮದುವೆಗಳೆಲ್ಲ ಛತ್ರಕ್ಕೆ ಹೋಗಿದ್ದವು, ಸ್ಪೀಕರು ಬಂದಿತ್ತು. ಯಾರು ಎತ್ತುತ್ತಿದ್ದರು, ಯಾರು ಹಿಡಿಯುತ್ತಿದ್ದರು ಎಂದು ಅವಳು ನೋಡಿಲ್ಲ.

ಪತ್ರಿಕೆಯಿಂದ ಒಬ್ಬರು ಬಂದು ನಮ್ಮಿಬ್ಬರ ಎರಡು ಪದ ಕೇಳಿ, ಮಾತಾಡಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ರೂಪ ಫೋಟೋ ತೆಗೆದಳು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದೆ. ಪಿಳ್ಳಮ್ಮ ಸೊಪ್ಪು ಬಿಡಿಸುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು.

ವಾರ ಕಳೆದ ಮೇಲೆ ರೂಪ ಎರಡು ಪುಟ ಮಾಡಿ ಮುಂದಿಟ್ಟಳು. ಒಂದರಲ್ಲಿ ಪಿಳ್ಳಮ್ಮ ದೊಡ್ಡದಾಗಿ — ಒಂದು ಕೈ ಕಿವಿಯ ಮೇಲೆ, ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ನಾನು ಮೂಲೆಯಲ್ಲಿ, ಬೆರಳುಗುರಿನಷ್ಟು. ಇನ್ನೊಂದರಲ್ಲಿ ನಾನು ದೊಡ್ಡದಾಗಿ, ಅವಳು ಮೂಲೆಯಲ್ಲಿ.

“ಯಾವ್ದು ಎಳೀತದೆ ಅಜ್ಜಿ?”

ನನ್ನ ಕಣ್ಣು ಹೋದದ್ದು ಪಿಳ್ಳಮ್ಮನ ಮೇಲೆ. ಇದನ್ನು ನೇರವಾಗಿ ಬರೆಯಬೇಕೆಂದೇ ಇಷ್ಟೆಲ್ಲ ಬರೆದೆ. ಹೋಯಿತು, ಅಲ್ಲೇ ನಿಂತಿತು. ಕಣ್ಣು ಬಿಟ್ಟವಳನ್ನು ನೋಡಿದರೆ ನೋಡಿದ್ದು ಅಲ್ಲಿಗೆ ಮುಗಿಯುತ್ತದೆ. ಕಣ್ಣು ಮುಚ್ಚಿ ಹಾಡುವವಳು ಏನನ್ನು ಕಾಣುತ್ತಿದ್ದಾಳೆ ಎಂದು ತಿಳಿಯಬೇಕಾದರೆ ಪುಟ ತಿರುಗಿಸಲೇಬೇಕು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ —

ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ನಮ್ಮವರಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ. ಅವಳು ಮೇಲೆ, ನಾನು ಕೆಳಗೆ ಎಂದರೆ ನೆಂಟರು ಏನೆಂದಾರು ಎಂದು ಮೊದಲು ಅನಿಸಿತು. ಆದರೆ ನೆಂಟರ ಮೇಲೆ ಹಾಕುವುದೇಕೆ? ನನಗೇ ಸಹಿಸಲಾಗಲಿಲ್ಲ. ಚಪ್ಪರದ ಆಚೆ ಕೂತವಳು ಪುಟದ ನಡುವೆ ಕೂತಿದ್ದಾಳಲ್ಲ ಎಂದು.

“ಕಣ್ ಮುಚ್ಕೊಂಡೋಳ ಮುಖ ಯಾರ್ ನೋಡ್ತಾರೆ?” ಎಂದೆ. “ನೋಡೋರ್ಗೆ ಕಣ್ಣು ಬೇಕು ಕಣೇ. ಎರಡನೇದ್ ಹಾಕು.”

“ಆದ್ರೆ ಅಜ್ಜಿ, ಮುಂದೆ ಹೇಳೋದು ಪಿಳ್ಳಮ್ಮಜ್ಜಿ ಅಲ್ವಾ?”

“ಅವತ್ತೊಂದಿನ ಹೇಳುದ್ಲು. ನಾನ್ ಹೇಳ್ದಾಗ ಅವ್ಳು ಹಿಡೀತಾಳೆ. ಅದ್ರಾಗೇನಿದೆ?”

ಅಷ್ಟೇ. ಎರಡೇ ಮಾತು. ಮುಖ ಬದಲಾಯಿತು. ಮುಖ ಬದಲಾದ ಮೇಲೆ ತಲೆಬರಹ ಅದಕ್ಕೆ ಒಪ್ಪಲಿಲ್ಲ, ಅದನ್ನೂ ಬದಲಾಯಿಸಿದರು. ತಲೆಬರಹ ಬದಲಾದ ಮೇಲೆ ಒಳಗಿನ ಬರಹವನ್ನೂ ಅದರ ಅಳತೆಗೆ ಕತ್ತರಿಸಿದರು. ಮೂಲೆಯಲ್ಲಿದ್ದ ಬೆರಳುಗುರಿನಷ್ಟು ಪಿಳ್ಳಮ್ಮ, ಜಾಗ ಸಾಲದೆ, ಅವಳೂ ಹೋದಳು. ಕೊನೆಗೆ ಉಳಿದದ್ದು ಬರಹದ ಬುಡದಲ್ಲಿ ‘ಜೊತೆಗೂಡಿದವರು’ ಎಂದು ಸಣ್ಣಕ್ಷರದ ಒಂದು ಹೆಸರು.

ಪತ್ರಿಕೆ ಬಂದ ದಿನ ಪಿಳ್ಳಮ್ಮ ಕೈ ಒರೆಸಿಕೊಂಡು ಬಂದಳು. ಅವಳಿಗೆ ಅಕ್ಷರ ಬಾರದು. ಪರಿವಿಡಿಯ ಮೇಲೆ ಬೆರಳು ಆಡಿಸಿದಳು.

“ಅಕ್ಕಾ, ನೀನು ರಾಣಿ ಹಂಗಿದೀಯ. ನಾನೆಲ್ಲಿವ್ನಿ?”

“ಒಳಗಿದೀಯ ಕಣೇ.”

“ಒಳಗಾ? ಅದೇ ಒಳ್ಳೇದು ಬುಡು. ಈಚೆಗಿದ್ರೆ ದೂಳ್ ಬೀಳ್ತದೆ.”

ಪುಟ ತಿರುವಿ ಅವಳೇ ಹುಡುಕಿದಳು. ಎಲ್ಲೂ ಅವಳ ಮುಖ ಇರಲಿಲ್ಲ. ನನ್ನನ್ನು ನೋಡಿದಳು. ನಾನು ಅವಳ ಬೆರಳು ಹಿಡಿದು ನನ್ನ ಫೋಟೋದ ಕೆಳಗಿನ ದಪ್ಪಕ್ಷರದ ಮೇಲೆ ಇಟ್ಟೆ. “ಇದೇ ನಿನ್ನೆಸ್ರು. ಫೋಟೋ ನಂದು, ಹೆಸ್ರು ನಿಂದು. ಸಮ ಆಯ್ತಲ್ಲ?” ಎಂದೆ. ಅದು ನನ್ನ ಹೆಸರು.

ಅವಳು ಆ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿದಳು. ಇಷ್ಟು ಉದ್ದ ಇದೆಯಾ ನನ್ನ ಹೆಸರು ಎಂದು ನಕ್ಕಳು. ಪತ್ರಿಕೆಯನ್ನು ಹಳೇ ಪಂಚೆಯಲ್ಲಿ ಸುತ್ತಿ ತೆಗೆದುಕೊಂಡು ಹೋದಳು.

ಇಲ್ಲಿಗೆ ನಿಂತಿದ್ದರೆ ಇದು ಬರೀ ಹೊಟ್ಟೆಕಿಚ್ಚಿನ ಕಥೆ. ನಿಲ್ಲಲಿಲ್ಲ. ಹಳೇ ಹಾಡುಗಳನ್ನು ಯಂತ್ರದಲ್ಲಿ ಹಿಡಿದಿಡುವವರು ಎರಡು ತಿಂಗಳಾದ ಮೇಲೆ ಕಾರಿನಲ್ಲಿ ಬಂದರು. ಪರಿವಿಡಿ ನೋಡಿ ಬಂದವರು. ನೇರ ನಮ್ಮ ಮನೆಗೆ. “ಅಮ್ಮಾ, ನಿಮಗೆ ಬರೋದನ್ನೆಲ್ಲ ಹೇಳಿ” ಎಂದರು.

ನನಗೆ ಬರುವುದು ಸಾಲಿನ ಬಾಲ ಮಾತ್ರ. ಬಾಯಿ ತೆರೆದ ಮೇಲೆ ಗೊತ್ತಾಯಿತು. ಮೂವತ್ತು ವರ್ಷ ಅವಳು ಎತ್ತಿದ್ದನ್ನು ಕೇಳುತ್ತಾ, ಎಲ್ಲಿ ಹಿಡಿಯಬೇಕು ಎಂದು ಕಾದಿದ್ದೇನೆಯೇ ಹೊರತು — ಮುಂದಿನ ಅರ್ಧ ನನ್ನ ತಲೆಯಲ್ಲಿ ನಿಂತೇ ಇಲ್ಲ. ‘ಬಾಗಿಲಿಗೆ ಬಂದಾಳೋ ಸೋಬಾನ’ ಗೊತ್ತು. ಬಂದವಳು ಯಾರು, ಗೊತ್ತಿಲ್ಲ. ಯಂತ್ರದ ಕೆಂಪು ದೀಪ ಉರಿಯುತ್ತಿತ್ತು. ನಾನು ‘ಹಸುರು ಬಳೆ ತೊಟ್ಟವಳು’ ಎಂದು ಸೇರಿಸಿಬಿಟ್ಟೆ. ಹಾಗೆ ಏಳು ಪದ ಹೇಳಿದೆ. ತಲೆದೂಗಿದರು.

“ಇನ್ಯಾರಾದ್ರೂ ಹೇಳೋರು ಇದಾರಾಮ್ಮ ಊರಲ್ಲಿ?”

“ಇದ್ದೋರೆಲ್ಲ ಹೋದ್ರು” ಎಂದೆ.

ಪಿಳ್ಳಮ್ಮ ಆ ಹೊತ್ತಿಗೆ ನಮ್ಮದೇ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಳು. ಕೂಗಿದರೆ ಕೇಳಿಸುವಷ್ಟು ದೂರ.

ಮರುವರ್ಷ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಗಂಟಲಲ್ಲಿ ಒಂದು ಸದ್ದು ಬರುತ್ತದೆ, ಅದಕ್ಕೆ ಮಾತಿನ ಆಕಾರ ಇಲ್ಲ.

ಆಗಲೂ ನಾನು ಬಾಯಿ ಬಿಡಲಿಲ್ಲ. ಸತ್ಯ ಹೇಳುತ್ತೇನೆ — ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಳಗೆಲ್ಲೋ ಸಮಾಧಾನವೂ ಆಯಿತು. ಇಂಥ ಸಮಾಧಾನ ಪಟ್ಟವಳು ನಾನು.

ಈಗ ಮೂರು ತಿಂಗಳ ಹಿಂದೆ ರೂಪ ಫೋನು ಹಿಡಿದು ಓಡಿಬಂದಳು. “ಅಜ್ಜಿ, ನಿನ್ ಪದ ನೋಡು, ಎಷ್ಟ್ ಜನ ಕೇಳ್ತಾವ್ರೆ!” ಯಾವುದೋ ವೇದಿಕೆಯ ಮೇಲೆ ಒಬ್ಬ ಹೆಣ್ಣುಮಗಳು ಹಾಡುತ್ತಿದ್ದಳು, ಒಳ್ಳೆಯ ಕಂಠ. ನೂರಾರು ವರ್ಷದ ಹಳೇ ಹಾಡು ಎಂದು ಮೊದಲೇ ಹೇಳಿದಳಂತೆ. ‘ಹಸುರು ಬಳೆ ತೊಟ್ಟವಳು ಬಾಗಿಲಿಗೆ ಬಂದಾಳೋ’ ಎಂದಳು. ಕೂತವರೆಲ್ಲ ಸೋಬಾನ ಹಿಡಿದರು.

ಕುಡುಗೋಲು ಕೆಳಗಿಟ್ಟು ರೂಪನಿಗೆ ಎಲ್ಲ ಹೇಳಿದೆ. ಅವಳು ಕೂಗಾಡಲಿಲ್ಲ. “ನಾನ್ ನಿನ್ ಕಣ್ಣನ್ನ ನಂಬಿದ್ದೆ ಅಜ್ಜಿ” ಎಂದಳು. ಅಲ್ಲಿಂದೀಚೆಗೆ ಪುಟ ತೋರಿಸುವುದಿಲ್ಲ. ಸರಿಯಾಗಿಯೇ ಮಾಡಿದಳು. ಯಂತ್ರದವರಿಗೆ ಫೋನು ಮಾಡಿಸಿದೆ. ಬರೆದು ಕೊಡಿ ಎಂದರು.

ಮೊದಲು ಪಿಳ್ಳಮ್ಮನ ಹತ್ತಿರ ಹೇಳಬೇಕೆಂದು ಅವಳ ಮನೆಗೆ ಹೋದೆ. ಅವಳು ಒಳಗೆ ಮಲಗಿದ್ದಳು. ಸೊಸೆ ರತ್ನ ಬಾಗಿಲಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಅವಳು ಹತ್ತನೇ ಕ್ಲಾಸು ಓದಿದವಳು. ಬಂದ ಕಾರಣ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

“ನಂಗೊತ್ತಮ್ಮ. ಪುಸ್ತಕ ಬಂದ್ ದಿನಾನೇ ಓದಿದೀನಿ. ಅತ್ತೆ ಪ್ರತಿ ಹಬ್ಬಕ್ಕೂ ಈಚೆಗ್ ತೆಗ್ದು ನಿಮ್ಮೆಸ್ರನ್ನ ಸವರ್ತಾ ಕೂತ್ಕೊಳೋರು. ನಮ್ಮನೇಗ್ ಬಂದೋರ್ಗೆಲ್ಲ ತೋರ್ಸೋರು. ನಾನ್ ಯಾವ್ ಬಾಯಲ್ಲಿ ಹೇಳ್ಲಿ?”

ಒಳಗೆ ಹೋಗಿ ಹೇಳುತ್ತೇನೆ, ದಾರಿ ಬಿಡು ಎಂದೆ.

“ಹೇಳಿ ಏನಾಗ್ಬೇಕು? ನಿಮ್ಗ್ ಹಗುರ ಆಗ್ತದೆ. ಅವ್ರಿಗೆ? ತಿರುಗ್ಸಿ ಒಂದ್ ಮಾತ್ ಬೈಯೋಕೂ ಆಗಲ್ಲ. ಬಾಯಿಲ್ದೋರ್ ಹತ್ರ ಹೇಳ್ಬೇಡಿ. ಆ ಪುಸ್ತಕ ಓದ್ದೋರ್ ಹತ್ರ ಹೇಳಿ, ಅವ್ರ್ ಬೈಲಿ.”

ಅವಳು ಎದ್ದು ದಾರಿ ಬಿಡಲಿಲ್ಲ. ನಾನು ದಾಟಿಕೊಂಡು ಹೋಗಲಿಲ್ಲ. ಹೊಸಿಲಿನಿಂದಲೇ ವಾಪಸು ಬಂದೆ.

ಅದಕ್ಕೆ ನಿಮ್ಮ ಹತ್ತಿರ ಹೇಳುತ್ತಿದ್ದೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕ್ಷಮಿಸುವುದು ನಿಮ್ಮ ಕೈಯಲ್ಲಿ ಇಲ್ಲ.

ಯಂತ್ರದಲ್ಲಿರುವ ಏಳು ಪದಗಳಲ್ಲಿ ಸಾಲಿನ ಬಾಲವಷ್ಟೇ ಪಿಳ್ಳಮ್ಮನದು. ಮುಂದಿನ ಅರ್ಧವೆಲ್ಲ ನಾನು ಕಟ್ಟಿದ್ದು. ಹಸುರು ಬಳೆ ಸುಳ್ಳು. ಅದನ್ನು ಕಲಿತವರು ಬಿಟ್ಟುಬಿಡಿ, ಯಾರಿಗಾದರೂ ಕಲಿಸಿದ್ದರೆ ಅವರಿಗೂ ಹೇಳಿ. ಹಾಗಾದರೆ ಬಾಗಿಲಿಗೆ ಬಂದವಳು ಯಾರು ಎಂದು ಕೇಳುತ್ತೀರಿ. ಮದುಮಗಳೋ, ಹೆತ್ತವಳೋ, ದೇವರೋ — ನನಗೆ ಗೊತ್ತಿಲ್ಲ. ಗೊತ್ತಿರುವವಳು ಊರಾಚೆಯ ಕೇರಿಯಲ್ಲಿ ಮಲಗಿದ್ದಾಳೆ, ಅವಳಿಂದ ಇನ್ನು ಹೇಳಲಾಗುವುದಿಲ್ಲ.